ಹೆಸರಿನ ತುದಿಯ ಇಕಾರ

ತ್ಲಾಂಗ್‌ಪುಯಿ
ಅಕ್ಟೋಬರ್ ೯, ೨೦೧೬
ಭಾನುವಾರ ಮಧ್ಯಾಹ್ನ

ಪ್ರೀತಿಯ ಥಾನ್‌ಕಿಮಿ,

ನೀನೂ ನಿನ್ನ ಮೊಣಕಾಲೂ ನೆಮ್ಮದಿಯಾಗಿದ್ದೀರಿ ಎಂದುಕೊಂಡು ಶುರುಮಾಡುತ್ತೇನೆ. ನಿನ್ನ ಪತ್ರ ಬಂದಾಗ ಮಳೆ ಹಿಡಿದಿತ್ತು, ನಾನು ಉತ್ತರ ಬರೆಯುವ ಹೊತ್ತಿಗೆ ಮಳೆ ಬಿಡುತ್ತಿದೆ. ಲುಂಗ್ಲೈಯಲ್ಲಿ ಕೂತು ನೀನು ನನ್ನನ್ನು ಎಷ್ಟು ಬೈದಿರಬಹುದೆಂದು ನನಗೆ ಗೊತ್ತು. ಸಾಲದಿದ್ದರೆ ಇನ್ನೂ ನಾಲ್ಕು ಬೈದು ಮುಗಿಸಿ, ಆಮೇಲೆ ಕನ್ನಡಕ ಹಾಕಿಕೊಂಡು ಓದು. ತಡವಾದದ್ದಕ್ಕೆ ಕಾರಣ ಕೇಳಿದರೆ ದಾರಿ ಸರಿಯಿರಲಿಲ್ಲ, ಅಂಚೆ ಬರುತ್ತಿರಲಿಲ್ಲ, ಕಣ್ಣು ಮಂಜು, ಹೀಗೆ ಬೇಕಾದಷ್ಟು ಹೇಳಬಲ್ಲೆ. ಫೋನ್ ಮಾಡಬಹುದಿತ್ತಲ್ಲ ಎಂದು ಮಾತ್ರ ಕೇಳಬೇಡ. ಹೋದ ಸಲ ನಾನು ‘ಸೊಸೆಗೆ ಐದು ತಿಂಗಳು’ ಎಂದು ಕಿರುಚಿದರೆ ನೀನು ‘ನಮ್ಮಲ್ಲೂ ಹಂದಿಮಾಂಸ ತುಟ್ಟಿಯಾಗಿದೆ’ ಎಂದೆ. ನಿನ್ನ ಕಿವಿಗಿಂತ ನಿನ್ನ ಕಣ್ಣೇ ವಾಸಿ.

ಸುದ್ದಿಗೆ ಬರುತ್ತೇನೆ. ನಾನು ಅಜ್ಜಿಯಾದೆ ಕಣೇ! ಹೆಣ್ಣು. ಸೊಸೆ ರೊದಿಂಗಿ ಹೋದ ತಿಂಗಳ ಕೊನೆಯಲ್ಲಿ ಹೆತ್ತಳು. ತಲೆತುಂಬ ಕೂದಲು. ಎರಡು ಮುಷ್ಟಿಯನ್ನೂ ಬಿಗಿದುಕೊಂಡೇ ಬಂದಿದ್ದಾಳೆ, ಯಾರ ಜೊತೆಗೋ ಜಗಳ ಬಾಕಿ ಇರುವವಳಂತೆ. ಈಗಲೂ ಪುವಾನ್ ಬಟ್ಟೆಯಲ್ಲಿ ಕಟ್ಟಿ ಬೆನ್ನ ಮೇಲೆ ಹಾಕಿಕೊಂಡಿದ್ದೇನೆ. ನಾನು ಬಾಗಿ ಬರೆದರೆ ಅವಳಿಗೆ ನಿದ್ದೆ, ಸೆಟೆದು ಕೂತರೆ ಅಳು. ಅಕ್ಷರ ಸೊಟ್ಟಗಾಗಿದ್ದರೆ ಅವಳನ್ನು ಬೈ, ನನ್ನನ್ನಲ್ಲ.

ಇವತ್ತು ನಿನಗೆ ಬರೆಯಬೇಕೆಂದು ಕೂತದ್ದು ಅವಳ ಹೆಸರಿನ ಕಥೆ. ಆದರೆ ಹೆರಿಗೆಯ ಕಥೆ ಹೇಳದೆ ಅದನ್ನು ಹೇಳುವ ಹಾಗಿಲ್ಲ.

ನಮ್ಮ ಹಳ್ಳಿಯಿಂದ ಪಟ್ಟಣಕ್ಕೆ ಹೋಗುವ ದಾರಿ ನಿನಗೆ ಗೊತ್ತು, ನಮ್ಮ ಹುಡುಗ ಸಾಂಗಾ ಸುಮೋ ಓಡಿಸುತ್ತಿದ್ದ ದಾರಿ. ಜೂನ್‌ನಲ್ಲಿ ಗುಡ್ಡ ಜಾರಿದ್ದು ಕಲ್ಲುಗಣಿಯ ತಿರುವಿನಲ್ಲಿ. ದಾರಿಗೆ ಬಿದ್ದ ಕಲ್ಲು ಸರಿಸಲು ಅವನು ಇಳಿದನಂತೆ, ಉಳಿದವರನ್ನು ‘ನೀವು ಒದ್ದೆಯಾಗ್ಬೇಡಿ, ಕೂತಿರಿ’ ಎಂದು ಗಾಡಿಯಲ್ಲೇ ಬಿಟ್ಟು. ಕೂತವರೆಲ್ಲ ಮನೆಗೆ ಬಂದರು. ಇಷ್ಟು ನಿನಗೆ ಆಗಲೇ ಯಾರೋ ತಿಳಿಸಿದ್ದರು, ನೀನು ಸಮಾಧಾನ ಹೇಳಿ ಪತ್ರ ಬರೆದದ್ದೂ ಅದಕ್ಕೇ ತಾನೆ. ಆ ತಿರುವು ಮಾತ್ರ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಮಳೆಗಾಲವಿಡೀ ಜಾರುತ್ತಲೇ ಇತ್ತು.

ರೊದಿಂಗಿಗೆ ನೋವು ಕಾಣಿಸಿಕೊಂಡ ಬೆಳಿಗ್ಗೆ ಅಲ್ಲಿ ಮತ್ತೆ ಮಣ್ಣು ಬಿದ್ದು ದಾರಿ ಕಟ್ಟಿತ್ತು. ಈಚೆಗೆ ಒಂದು ಗಾಡಿ, ಆಚೆಗೆ ಇನ್ನೊಂದು ಗಾಡಿ, ನಡುವೆ ಕೆಸರಿನ ಇಳಿಜಾರು. ನಮ್ಮ ಯುವಕರ ಸಂಘದ ಹುಡುಗರು ಬಿದಿರಿನ ಡೋಲಿ ತಂದರು. ಎಲ್ಲರೂ ಸಾಂಗಾನ ಓರಗೆಯವರು, ಅವನಿಗೆ ಗುಂಡಿ ತೋಡಿದವರೂ ಅವರೇ. ಅವಳನ್ನು ಮಲಗಿಸಿ ಹೆಗಲಿಗೇರಿಸಿಕೊಂಡು ಕೆಸರಿಗೆ ಕಾಲಿಟ್ಟರೋ ಇಲ್ಲವೋ, ಮುಂದಿದ್ದ ತುವಾನಾ ಮೊಣಕಾಲವರೆಗೆ ಹೂತ. ಡೋಲಿ ಓರೆಯಾಯಿತು. ಮೇಲಿನಿಂದ ಸಣ್ಣ ಕಲ್ಲುಗಳು ಉರುಳಿ ಬಂದವು.

“ಇಳಿಸ್ರೋ ನನ್ನ,” ಎಂದಳು ರೊದಿಂಗಿ.

“ಅಕ್ಕಾ, ಅಲ್ಲಾಡ್ದೆ ಮಲ್ಕೊಳ್ಳಿ. ದಾಟಿಸಿಬಿಡ್ತೀವಿ,” ಎಂದ ತುವಾನಾ.

“ನೀವು ದಾಟಿಸೋದೂ ಬೇಡ, ಜಾರೋದೂ ಬೇಡ. ಈ ಗುಡ್ಡ ನಮ್ಮನೆಯಿಂದ ಒಬ್ಬರನ್ನ ತಗೊಂಡಾಗಿದೆ. ನನ್ನ ಹೊತ್ಕೊಂಡು ನಿಮ್ಮಲ್ಲೊಬ್ಬ ಹೋದ್ರೆ ಅವನ ಅವ್ವಂಗೆ ನಾನು ಹೆಂಗೆ ಮುಖ ತೋರಿಸ್ಲಿ? ಇಳಿಸಿ ಅಂದ್ನಲ್ಲ!”

ನಾನು ಸುಮ್ಮನಿರುವವಳೇ? “ಹುಚ್ಚು ಹಿಡಿದಿದೆಯೇನೇ ನಿಂಗೆ? ನೋವು ತಿನ್ನೋ ಹೊತ್ತಲ್ಲಿ ಯಾರಾದ್ರೂ ಕೆಸರಲ್ಲಿ ನಡೀತಾರಾ?” ಎಂದು ಬಾಯಿ ಮಾಡಿದೆ.

“ಅವ್ವಾ, ನೀವು ಕೊಡೆ ಹಿಡೀರಿ. ಮಾತು ಆಮೇಲೆ,” ಎಂದಳು.

ನನಗೆ! ಬಾಯಿ ಮುಚ್ಚು ಎಂದು ನನಗೆ ಹೇಳುವ ಧೈರ್ಯ ನನ್ನ ಮನೆಯವರಿಗೇ ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ ಬಂದದ್ದು. ಬಾಯಿ ಮುಚ್ಚಿಕೊಂಡು ಕೊಡೆ ಹಿಡಿದೆ.

ಅವಳು ನಡೆದಳು, ಥಾನ್‌ಕಿಮಿ. ತುವಾನಾ ಮುಂದೆ ಮುಂದೆ ಕೋಲು ಊರಿ ನೆಲ ನೋಡುತ್ತ ಹೋದ. ಅವನು ಕಾಲಿಟ್ಟಲ್ಲೇ ಇವಳೂ ಕಾಲಿಡುತ್ತ ಹೋದಳು. ನೋವು ಬಂದಾಗ ನಿಂತು, ಹಲ್ಲು ಕಚ್ಚಿ, ನನ್ನ ತೋಳನ್ನು ಹಿಂಡುತ್ತಿದ್ದಳು. ಆ ನೀಲಿ ಗುರುತು ಇನ್ನೂ ಮಾಸಿಲ್ಲ, ನಾನದನ್ನು ಬಂದವರಿಗೆಲ್ಲ ತೋಳು ಮೇಲೆತ್ತಿ ತೋರಿಸುತ್ತೇನೆ. ಒಂದು ಕಡೆ ಮಾತ್ರ ನೋವಿಲ್ಲದೆಯೇ ನಿಂತಳು. ಬಾಗಲಾರದ ಹೊಟ್ಟೆಯನ್ನು ಹಿಡಿದುಕೊಂಡು ಬಾಗಿ, ಅಲ್ಲಿನ ಮಣ್ಣನ್ನು ಅಂಗೈಯಿಂದ ಮುಟ್ಟಿದಳು. ಅದು ಯಾವ ಜಾಗ ಎಂದು ನಾನು ಬರೆಯಬೇಕಾಗಿಲ್ಲ. ಆಮೇಲೆ “ನಡೀರಿ” ಎಂದಳು, ನಡೆದೆವು. ಆಚೆ ದಡ ಮುಟ್ಟಿ ಗಾಡಿಯಲ್ಲಿ ಕೂತ ಮೇಲೆ ಅವಳು ಮೊದಲು ಹೇಳಿದ ಮಾತು, “ನನ್ನ ಚಪ್ಪಲಿ ಒಂದು ಕೆಸರಲ್ಲೇ ಉಳೀತು.” ಸಂಜೆಗೆ ಮಗು ಹುಟ್ಟಿತು.

ಈಗ ಹೆಸರಿನ ಕಥೆ. ಮಗುವಿಗೆ ಹೆಸರಿಡುವುದು ತಂದೆಯ ಕಡೆಯ ಅಜ್ಜ ಅಜ್ಜಿಯರ ಹಕ್ಕು. ನನ್ನ ಮನೆಯವರು ಇಲ್ಲವಾದ್ದರಿಂದ ಅದು ನನ್ನೊಬ್ಬಳ ಕೊರಳಿಗೆ ಬಿತ್ತು. ಹಾಗೆಂದು ಯಾರೂ ನನಗೆ ಬಿಟ್ಟುಕೊಟ್ಟು ಸುಮ್ಮನೆ ಕೂರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಭಾವ ಪು ಹ್ರಾಂಗಾ ಬಂದರು. ನೀನು ಅವರನ್ನು ನೋಡಿದ್ದೀಯ, ನನ್ನ ಮದುವೆಯಲ್ಲಿ ಎಲ್ಲರಿಗಿಂತ ಉದ್ದ ಭಾಷಣ ಮಾಡಿದವರು. ಈಗ ವಯಸ್ಸಾಗಿದೆ, ಭಾಷಣ ಮಾತ್ರ ಗಿಡ್ಡವಾಗಿಲ್ಲ.

“ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ ಕಪ್‌ಥಾಂಗಿ?” ಎಂದರು, ಚಹಾದ ಜೊತೆ ಬೆಲ್ಲ ಕಚ್ಚುತ್ತ. “ಸಾಂಗ್‌ಝುವಾಲಾನ ಮಗಳು ಸಾಂಗ್‌ಝುವಾಲಿ. ಗಂಡಾಗಿದ್ರೆ ಕೊನೇಗೆ ‘ಆ’ ಇರ್ತಿತ್ತು, ಹೆಣ್ಣಾಯ್ತು, ‘ಇ’ ಹಾಕು. ಒಂದಕ್ಷರದ ಕೆಲ್ಸ. ನಮ್ಮ ಹುಡುಗ ವಾಪಸ್ ಬಂದಂಗೂ ಆಯ್ತು.”

ಊರಿನವರೆಲ್ಲರ ಬಾಯಲ್ಲೂ ಅದೇ ಹೆಸರು. ನೀರಿಗೆ ಹೋದರೆ ಅಲ್ಲಿ, ಪ್ರಾರ್ಥನೆಗೆ ಹೋದರೆ ಅಲ್ಲಿ, ‘ಸಾಂಗ್‌ಝುವಾಲಿ ಹಾಲು ಕುಡೀತಾಳಾ, ಸಾಂಗ್‌ಝುವಾಲಿ ಮಲಗ್ತಾಳಾ’ ಎಂದು ವಿಚಾರಿಸುತ್ತಿದ್ದರು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

ಭಾವನ ಜೊತೆ ಅವರ ಕಿರಿಯ ಮಗಳು ಮಾಪುಯಿಯೂ ಬಂದಿದ್ದಳು, ಐಜ್ವಾಲಿನಲ್ಲಿ ಕಾಲೇಜು ಓದುವವಳು. ಅವಳ ಕೈಯಲ್ಲಿ ಫೋನು. “ಚಿಕ್ಕವ್ವಾ, ‘ಇ’ಯಿಂದ ಮುಗಿಯೋ ಹೆಣ್ಮಕ್ಕಳ ಹೆಸರು ಇದ್ರಲ್ಲಿ ಸಾವಿರಗಟ್ಲೆ ಇದೆ. ಕೊನೇ ಅಕ್ಷರ ಒತ್ತಿದ್ರೆ ಸಾಕು, ಸುರಿಯುತ್ತೆ. ಕೇಳಿ. ನವೋಮಿ, ಹೈದಿ, ಯುಕಿ...”

“ಯುಕಿ ಏನು ಮಾಡಿದ್ಲಂತೆ?” ಎಂದು ಕೇಳಿದೆ.

“ಯಾರು?”

“ಆ ಯುಕಿ. ಇಲ್ಲಾ ಅವಳ ಅಜ್ಜ ಏನು ಮಾಡಿದ್ದ? ಏನೂ ಮಾಡ್ದೆ ಹೆಸರು ಬರ್ತದೇನೇ?”

“ಅಯ್ಯೋ ಚಿಕ್ಕವ್ವಾ, ಅದು ಬರೇ ಹೆಸರು,” ಎಂದು ನಕ್ಕಳು. ಬರೇ ಹೆಸರಂತೆ! ನಮ್ಮಲ್ಲಿ ಬರೇ ಹೆಸರು ಎಂಬುದು ಯಾವಾಗಿನಿಂದ ಶುರುವಾಯಿತೋ ನಾನರಿಯೆ.

ನನ್ನ ಹೆಸರನ್ನೇ ನೋಡು. ನನ್ನ ಅಜ್ಜ ಕಾಟಿ ಹೊಡೆದವನು. ಅದರ ಕೊಂಬಿರುವ ತಲೆಬುರುಡೆ ನಮ್ಮ ತವರಿನ ಗೋಡೆಯಲ್ಲಿ ಈಗಲೂ ಇದೆ, ನೀನೂ ಚಿಕ್ಕಂದಿನಲ್ಲಿ ಅದಕ್ಕೆ ಹೆದರಿ ಅತ್ತಿದ್ದೀಯ. ಗುಂಡು ಹೊಡೆದು ಹೆಸರಾದವನು ಎಂಬ ಅರ್ಥದಲ್ಲಿ ಅವನು ಮೊಮ್ಮಗನಿಗೆಂದು ಕಪ್‌ಥಾಂಗಾ ಎಂಬ ಹೆಸರನ್ನು ಸಿದ್ಧ ಮಾಡಿಟ್ಟುಕೊಂಡಿದ್ದ. ಹುಟ್ಟಿದವಳು ನಾನು. ಮುದುಕ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ, ಕೊನೆಯ ಅಕ್ಷರ ತಿರುಗಿಸಿ ಕೈ ತೊಳೆದುಕೊಂಡ. ಈ ಹೆಸರು ಹೊತ್ತು ನಾನು ಗದ್ದೆ ಮಾಡಿದೆ, ನೇಯ್ದೆ, ಮಕ್ಕಳಿಗೆ ಅಕ್ಷರ ಕಲಿಸಿದೆ, ಗಂಡನನ್ನು ಮಣ್ಣು ಮಾಡಿದೆ. ಒಂದು ಇರುವೆಗೂ ಗುಂಡು ಹೊಡೆಯಲಿಲ್ಲ! ಇಡೀ ಹೆಸರಿನಲ್ಲಿ ನನ್ನದು ಎಂಬುದು ಆ ಕೊನೆಯ ಇಕಾರ ಒಂದೇ. ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ, ಅವನ ಕಾಟಿಯ ಬಗ್ಗೆ ನನಗೂ ಹೆಮ್ಮೆಯೇ. ಆದರೆ ಅವನು ಕಾಟಿಯ ಎದುರು ನಿಂತದ್ದನ್ನು ನಾನು ಕಂಡಿಲ್ಲ. ರೊದಿಂಗಿ ಕೆಸರು ದಾಟಿದ್ದನ್ನು ಕಂಡಿದ್ದೇನೆ.

ಅವಳು ಮಾತ್ರ ಹೆಸರಿನ ಬಗ್ಗೆ ತಾನಾಗಿ ಒಂದು ಮಾತೂ ಆಡಿರಲಿಲ್ಲ. ಒಂದು ಬೆಳಿಗ್ಗೆ ಒಲೆಯ ಪಕ್ಕ ಮಗುವಿಗೆ ಹಾಲೂಡುತ್ತ ಕೂತಿದ್ದಳು. ನಾನು ಕೋಳಿ ಸಾರು ಬಡಿಸುತ್ತ, “ಎಲ್ರೂ ಸಾಂಗ್‌ಝುವಾಲಿ ಅಂತಿದಾರೆ, ನೀನೇನಂತೀಯ?” ಎಂದು ಕೇಳಿದೆ.

“ಹೆಸರಿಡೋರು ನೀವು ಅವ್ವಾ. ಇಟ್ಟಿದ್ದನ್ನ ಕರೀತೀನಿ.”

“ಅದಲ್ಲ ನಾನು ಕೇಳಿದ್ದು.”

ಮಗುವಿನ ತಲೆ ಸವರಿದಳು. “ದಿನಕ್ಕೆ ಎಷ್ಟು ಸಲ ಕೂಗ್ಬೇಕಲ್ವಾ ಅವ್ವಾ, ಬಾ, ಉಣ್ಣು, ಬೀಳ್ತೀಯ ಅಂತ. ಆ ಹೆಸರು ಕೂಗಿದ್ರೆ ಪ್ರತಿ ಸಲ ಅವರು ಬಾಗಿಲ ತನಕ ಬರ್ತಾರೆ. ಕೊನೇ ಅಕ್ಷರ ಬಂದ ಕೂಡ್ಲೇ ಹೊರಟೋಗ್ತಾರೆ. ಮಗು ಓಡಿ ಬಂದಾಗ ನಾನು ಅವಳ ಹಿಂದೆ ಯಾರನ್ನೋ ಹುಡುಕ್ತಾ ನಿಂತಿರ್ತೀನಿ. ಅದು ಅವಳಿಗೆ ತಿಳಿಯಲ್ವಾ?”

ನಾನು ಸಾರಿನ ಪಾತ್ರೆ ಕೆಳಗಿಟ್ಟೆ. ಇಪ್ಪತ್ತಾರು ವರ್ಷದ ಹುಡುಗಿ, ಥಾನ್‌ಕಿಮಿ. ನಾನೂ ನೀನೂ ಆ ವಯಸ್ಸಿನಲ್ಲಿ ರಿಬ್ಬನ್ನಿಗೆ ಜಗಳವಾಡುತ್ತಿದ್ದೆವು.

ಆ ಶನಿವಾರ ನೆಂಟರನ್ನೆಲ್ಲ ಕರೆದೆ. ಸಾಸಿವೆ ಸೊಪ್ಪು ಹಾಕಿ ಹಂದಿಮಾಂಸ ಬೇಯಿಸಿದ್ದೆವು. ಚರ್ಚಿನ ಹಿರಿಯರು ಮಗುವಿಗಾಗಿ ಪ್ರಾರ್ಥಿಸಲು ಬಂದರು. ಕೋಣೆ ತುಂಬಿ, ಕೆಲವರು ಮೆಟ್ಟಿಲ ಮೇಲೂ ಕೂತಿದ್ದರು. ಹಿರಿಯರು ಎದ್ದು ನಿಂತು, ಮಗುವಿನ ತಲೆಯ ಮೇಲೆ ಕೈಯಿಟ್ಟು, “ಯಾವ ಹೆಸರು ಹೇಳಿ ಪ್ರಾರ್ಥಿಸ್ಲಿ?” ಎಂದು ಕೇಳಿದರು. ಭಾವ ಆಗಲೇ ಬಾಯಿ ತೆರೆದಿದ್ದರು.

“ನುಛುವಾನಿ,” ಎಂದೆ.

ಅವ್ವ ಎಂಬ ಮಾತಿಗೂ ಹೆಮ್ಮೆ ಎಂಬ ಮಾತಿಗೂ ಗಂಟು ಹಾಕಿ, ತುದಿಗೆ ಇಕಾರ ಇಟ್ಟಿದ್ದೆ. ಅವ್ವನ ಹೆಮ್ಮೆಯನ್ನು ಹೊತ್ತವಳು.

“ಯಾರ ಅವ್ವ? ಯಾರ ಹೆಮ್ಮೆ?” ಎಂದರು ಭಾವ. “ಅಜ್ಜನ ಕೆಲಸ ಹೆಸರಲ್ಲಿ ಬರೋದು ಕೇಳಿದೀನಿ, ಅಪ್ಪನದು ಕೇಳಿದೀನಿ. ಸೊಸೇದು ಕೇಳಿಲ್ಲ.”

“ಈಗ ಕೇಳಿದ್ರಲ್ಲ ಭಾವ.”

“ಹುಡುಗಾಟ ಅಲ್ಲ ಕಪ್‌ಥಾಂಗಿ. ಅವಳಿಗಿನ್ನೂ ಚಿಕ್ಕ ವಯಸ್ಸು. ಇವತ್ತಲ್ಲ ನಾಳೆ ತವರಿಗೆ ಹೋಗ್ತಾಳೆ, ಹೋಗೋದು ತಪ್ಪೂ ಅಲ್ಲ. ಮಗು ನಮ್ಮ ಮನೇದು. ಹೋಗೋಳ ಹೆಸರನ್ನ ಇರೋಳಿಗೆ ಕಟ್ತೀಯಾ?”

ಅದನ್ನು ಅವರು ರೊದಿಂಗಿಯ ಎದುರೇ ಅಂದದ್ದು. ಅವಳು ತಲೆ ತಗ್ಗಿಸಿದಳು.

“ಅವಳು ಹೋದ್ರೆ ಹೋಗ್ಲಿ ಭಾವ. ಅವಳು ದಾಟಿದ್ದು ಎಲ್ಲೂ ಹೋಗಲ್ಲ,” ಎಂದೆ. “ನಮ್ಮಜ್ಜ ಒಂದು ಕಾಟಿ ಕೊಂದ, ಅದಕ್ಕೆ ನಾನು ಅರವತ್ತು ವರ್ಷದಿಂದ ಗುಂಡಿನ ಹೆಸರು ಹೊತ್ಕೊಂಡು ತಿರುಗ್ತಿದೀನಿ. ಇವಳು ಗಂಡ ಹೋದ ಮಣ್ಣಿನ ಮೇಲೆ, ಹೊಟ್ಟೇಲಿ ಮಗು ಹೊತ್ಕೊಂಡು ನಡೆದ್ಲು. ಯಾಕೆ? ಇನ್ನೊಬ್ಬರ ಮಗ ಸಾಯ್ಬಾರ್ದು ಅಂತ. ಕೊಂದಿದ್ದು ಹೆಸರಿಗೆ ಬರಬಹುದು, ಉಳಿಸಿದ್ದು ಬರಬಾರ್ದಾ? ಹೆಸರಿಡೋಳು ನಾನು. ಇಟ್ಟಾಯ್ತು.”

ಭಾವ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ಪಿ ಝಾಮಿ ಎದ್ದಳು. ತುವಾನಾನ ತಾಯಿ, ಸಭೆಯಲ್ಲಿ ಎಂದೂ ದನಿ ಎತ್ತದವಳು. “ಪು ಹ್ರಾಂಗಾ, ಡೋಲಿ ಹೊತ್ಕೊಂಡು ಕೆಸರಲ್ಲಿ ಹೂತವನು ನನ್ನ ಮಗ,” ಎಂದಳು. “ಈಗ ಹಿತ್ಲಲ್ಲಿ ಸೌದೆ ಒಡೀತಿದಾನೆ. ಆ ಹೆಸರು ನೀವು ಕರೀದಿದ್ರೆ ಬೇಡ ಬಿಡಿ. ನಾನು ಕರೀತೀನಿ.” ಇಷ್ಟು ಹೇಳಿ ಕೂತುಬಿಟ್ಟಳು, ಮುಖ ಕೆಂಪಗಾಗಿತ್ತು.

ಹಿರಿಯರು ಇನ್ನು ಕಾಯಲಿಲ್ಲ. ಕಣ್ಣು ಮುಚ್ಚಿ, “ನುಛುವಾನಿ ಎಂಬ ಈ ನಿನ್ನ ಮಗಳನ್ನು...” ಎಂದು ಶುರುಮಾಡಿಯೇಬಿಟ್ಟರು. ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ನಾನು ರೊದಿಂಗಿಯನ್ನು ನೋಡುತ್ತಿದ್ದೆ. ಅವಳೂ ಮುಚ್ಚಿರಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು, ಹೆಸರನ್ನು ಕರೆದು ನೋಡುತ್ತಿದ್ದಳು. ಒಂದು ಸಲ, ಎರಡು ಸಲ. ಆಮೇಲೆ ಮಗುವನ್ನು ನೋಡಿ ನಕ್ಕಳು. ಜೂನ್ ಆದಮೇಲೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಭಾವ ಊಟಕ್ಕೆ ಕೂತರು. ಮಾಂಸವನ್ನು ಎರಡು ಸಲ ಹಾಕಿಸಿಕೊಂಡು, ಕೈ ತೊಳೆದುಕೊಂಡು ಹೋಗುವಾಗ ಮಗುವಿನ ಕೆನ್ನೆ ಚಿವುಟಿ, “ಹೋಗ್ಲಿ, ಕೊನೇಗೆ ‘ಇ’ ಆದ್ರೂ ಇದೆಯಲ್ಲ. ಅದ್ನಾದ್ರೂ ಬಿಟ್ಲಲ್ಲ ನಿಮ್ಮಜ್ಜಿ,” ಎಂದರು. ಮನುಷ್ಯ ಕೆಟ್ಟವರಲ್ಲ. ತಮ್ಮನ ಮಗನೆಂದು ಹುಡುಗನನ್ನು ಎತ್ತಿ ಆಡಿಸಿದವರು. ಅವರ ಸಂಕಟ ಅವರದು.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತ ರೊದಿಂಗಿಗೆ ಹೇಳಿದೆ, “ಹೆಸರಿಟ್ಟು ಕಟ್ಟಿಹಾಕ್ತಿದೀನಿ ಅಂದ್ಕೋಬೇಡ. ಹೋಗ್ಬೇಕು ಅನ್ನಿಸ್ದಾಗ ಹೋಗು. ಮಗು ಬೇಕು ಅಂದ್ರೆ ಕರ್ಕೊಂಡೇ ಹೋಗು, ಭಾವನ ಹತ್ರ ನಾನು ಮಾತಾಡ್ಕೋತೀನಿ.” ಅವಳು ಒರೆಸುತ್ತಿದ್ದ ತಟ್ಟೆಯನ್ನು ಮಗ್ಗುಲಿಗಿಟ್ಟು, “ಬತ್ತ ಕೊಯ್ಲಿಗೆ ಬಂದಿದೆ ಅವ್ವಾ. ನೀವೊಬ್ರೇ ಕೊಯ್ತೀರಾ?” ಎಂದಳು. ಸದ್ಯಕ್ಕೆ ಇಷ್ಟೇ ಸಿಕ್ಕಿರುವ ಉತ್ತರ. ನನಗೆ ಸಾಕು.

ಇದೇ ನನ್ನ ಸುದ್ದಿ. ಊರಿನಲ್ಲಿ ತಲೆಯೆತ್ತಿ ನಡೆಯುತ್ತಿದ್ದೇನೆ ಎಂದರೆ ನೀನು ನಗಬೇಡ. ನಿನ್ನ ಮೊಮ್ಮಕ್ಕಳ ಬಗ್ಗೆ ನೀನು ಬರೆದಾಗೆಲ್ಲ ನಾನು ತಾಳ್ಮೆಯಿಂದ ಓದಿದ್ದೇನೆ, ಈಗ ನಿನ್ನ ಸರದಿ. ಚಳಿ ಶುರುವಾಗುತ್ತದೆ, ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚು, ಕ್ರಿಸ್ಮಸ್ ಹಾಡಿನ ಅಭ್ಯಾಸಕ್ಕೆ ಹೋಗಿ ರಾತ್ರಿ ಹೊತ್ತು ಕುಣಿಯಬೇಡ. ದೇವರು ನಿನ್ನ ಮನೆಯ ದೊಡ್ಡವರು ಚಿಕ್ಕವರೆಲ್ಲರ ಹೊಟ್ಟೆ ತಣ್ಣಗಿಡಲಿ, ನಿನ್ನ ಕಿವಿಗೂ ಒಂದಿಷ್ಟು ಕರುಣೆ ತೋರಲಿ. ನುಛುವಾನಿ ಬೆನ್ನ ಮೇಲೆ ಒದೆಯುತ್ತಿದ್ದಾಳೆ, ಅದು ನಿನಗೆ ಅವಳ ನಮಸ್ಕಾರ.

ನಿನ್ನ
ಕಪ್‌ಥಾಂಗಿ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಸಾಂಗ್‌ಝುವಾಲಿ ಎಂಬ ಹೆಸರು ಭಾವನಿಗಿಂತ ಮೊದಲು ಬೇಕಾಗಿದ್ದದ್ದು ನನಗೆ. ಮಗು ಹುಟ್ಟಿದ ಸಂಜೆ ಆಸ್ಪತ್ರೆಯ ಜಗಲಿಯಲ್ಲಿ ಅವಳನ್ನೆತ್ತಿಕೊಂಡು ಯಾರಿಗೂ ಕೇಳದ ಹಾಗೆ ಕರೆದೂ ನೋಡಿದ್ದೆ. ಹುಡುಗ ಹುಟ್ಟಿದಂದಿನಿಂದ ಈ ಊರಿನಲ್ಲಿ ನನ್ನನ್ನು ಯಾರೂ ಕಪ್‌ಥಾಂಗಿ ಎಂದಿರಲಿಲ್ಲ. ಮೂವತ್ತು ವರ್ಷ ನಾನು ಎಲ್ಲರಿಗೂ ಸಾಂಗಾನವ್ವ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಒಬ್ಬರೂ ಹಾಗೆ ಕರೆದಿಲ್ಲ. ನನಗೆ ನೋವಾದೀತೆಂದು ಎಲ್ಲರೂ ಮಾತಾಡಿಕೊಂಡವರ ಹಾಗೆ ಕಪ್‌ಥಾಂಗಿ ಎನ್ನತೊಡಗಿದರು. ಒಳ್ಳೆಯ ಜನ, ಅವರಿಗೇನು ಹೇಳಲಿ? ಮನೆಯಲ್ಲಿ ಅವನ ಹೆಸರು ಕೇಳಲು ಇದ್ದ ಇನ್ನೊಂದು ದಾರಿಯನ್ನು ಆ ಶನಿವಾರ ನಾನೇ ಮುಚ್ಚಿದೆ. ಮುಚ್ಚಿದ್ದಕ್ಕೆ ಪಶ್ಚಾತ್ತಾಪವಿಲ್ಲ, ನೋವಿದೆ. ನೀನೂ ಹೋದ ಪತ್ರದಲ್ಲಿ ‘ಪ್ರೀತಿಯ ಕಪ್‌ಥಾಂಗಿ’ ಎಂದೇ ಬರೆದಿದ್ದೆ. ಅದನ್ನು ಓದಿದ ಮೇಲೆ ಉತ್ತರ ಬರೆಯಲು ಕೈ ಏಳಲಿಲ್ಲ, ತಡವಾದದ್ದು ಅದಕ್ಕೆ. ಇನ್ನು ಮೇಲೆ ಕವರಿನ ಮೇಲೆ ‘ಸಾಂಗಾನವ್ವ’ ಎಂದು ಬರೆ, ದೊಡ್ಡ ಅಕ್ಷರದಲ್ಲಿ. ಅಂಚೆಯವನು ಮೇಲೆ ಹತ್ತುವುದಿಲ್ಲ, ರಸ್ತೆ ಬದಿಯ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ. ಅಂಗಡಿಯವಳು ಕವರಿನ ಮೇಲಿರುವುದನ್ನು ಓದಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಾಳೆ. ನಾನು ಕೂಡಲೇ ಓಗೊಡುವುದಿಲ್ಲ. ಇನ್ನೊಂದು ಸಲ ಕೂಗಲಿ.